ಮನೆಯಂಗಳದ ಕೃಷ್ಣ ತುಳಸಿ: ಒಣಗಲು ಕಾರಣಗಳು ಮತ್ತು ಉಳಿಸುವ ಕ್ರಮಗಳು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ತುಳಸಿಕಟ್ಟೆಯಿಲ್ಲದ ಅಂಗಳ ಅಪರೂಪ. ಮುಂಗಾರಿನಲ್ಲಿ ನೆಟ್ಟ ಕೃಷ್ಣ ತುಳಸಿ ದೀಪಾವಳಿಯ ಹೊತ್ತಿಗೆ ಕಪ್ಪು ನೇರಳೆ ಬಣ್ಣದ ಕದಿರುಗಳಿಂದ ತುಂಬಿ ಪರಿಮಳ ಬೀರುತ್ತದೆ. ಆದರೆ ಕಾರ್ತಿಕ ಮಾಸದಲ್ಲಿ ತುಳಸಿ ಲಗ್ನ ಮುಗಿದು ಸಂಕ್ರಾಂತಿ ಬರುವಷ್ಟರಲ್ಲಿ ಅನೇಕ ಮನೆಗಳಲ್ಲಿ ಅದೇ ಗಿಡ ಎಲೆಯುದುರಿ ಕಡ್ಡಿಯಾಗಿರುತ್ತದೆ. ತುಳಸಿ ಒಣಗಿದರೆ ಮನೆಗೆ ಕೇಡೆಂದು ಹಿರಿಯರು, ವಿಶೇಷವಾಗಿ ಗೃಹಿಣಿಯರು, ಮನಸ್ಸಿಗೆ ಹಚ್ಚಿಕೊಳ್ಳುವುದುಂಟು. ಗಿಡ ಒಣಗಲು ಮಣ್ಣು, ನೀರು, ಚಳಿ ಮತ್ತು ಬೀಜ ಕಟ್ಟುವಿಕೆ ಕಾರಣವೇ ಹೊರತು ಮನೆಯವರ ಭಾಗ್ಯವಲ್ಲ. ಈ ಕಾರಣಗಳನ್ನು ಗುರುತಿಸಿದರೆ ಒಂದೇ ಗಿಡವನ್ನು ಎರಡು ಮೂರು ವರ್ಷ ಉಳಿಸಿಕೊಳ್ಳಬಹುದು. ಅದರ ಸಂತತಿಯನ್ನು ಎಷ್ಟು ವರ್ಷವಾದರೂ ಮುಂದುವರಿಸಬಹುದು.

ಸಸ್ಯ ಪರಿಚಯ

ತುಳಸಿಯ ವೈಜ್ಞಾನಿಕ ಹೆಸರು ಆಸಿಮಮ್ ಟೆನ್ಯೂಯಿಫ್ಲೋರಮ್. ಕಾಮಕಸ್ತೂರಿ, ಪುದೀನ ಮತ್ತು ದೊಡ್ಡಪತ್ರೆಗಳೂ ಇದೇ ಕುಟುಂಬಕ್ಕೆ ಸೇರಿವೆ. ಹಸಿರು ಎಲೆಯ ಬಗೆಯನ್ನು ರಾಮ ತುಳಸಿ ಅಥವಾ ಶ್ರೀ ತುಳಸಿಯೆಂದೂ, ಕಾಂಡ, ಎಲೆ ಮತ್ತು ಕದಿರು ಕಪ್ಪು ನೇರಳೆಯಾಗಿರುವ ಬಗೆಯನ್ನು ಕೃಷ್ಣ ತುಳಸಿಯೆಂದೂ ಕರೆಯುತ್ತಾರೆ. ಎಲೆ ಮತ್ತು ಕದಿರಿನ ಮೇಲಿರುವ ಸೂಕ್ಷ್ಮ ಗ್ರಂಥಿಗಳಲ್ಲಿ ಸುಗಂಧ ತೈಲವಿರುತ್ತದೆ. ಲವಂಗಕ್ಕೆ ಪರಿಮಳ ನೀಡುವ ಯೂಜಿನಾಲ್ ಎಂಬ ಅಂಶವೇ ತುಳಸಿ ತೈಲದಲ್ಲಿಯೂ ಮುಖ್ಯವಾಗಿ ಕಂಡುಬರುತ್ತದೆ.

ಕಪ್ಪು ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಇದು ಚೆನ್ನಾಗಿ ಬಿಸಿಲು ಬಿದ್ದಾಗ ಹೆಚ್ಚುತ್ತದೆ. ನೆರಳಿನಲ್ಲಿಟ್ಟ ಕೃಷ್ಣ ತುಳಸಿ ಹಸಿರು ಬಣ್ಣಕ್ಕೆ ತಿರುಗಿದರೆ ಅದು ರೋಗವಲ್ಲ. ದಿನಕ್ಕೆ ಕನಿಷ್ಠ 5 ರಿಂದ 6 ಗಂಟೆ ಬಿಸಿಲು ಬೀಳುವ ಜಾಗಕ್ಕೆ ಬದಲಿಸಿದರೆ ಹೊಸ ಚಿಗುರಿನಲ್ಲಿ ಬಣ್ಣ ಮರಳುತ್ತದೆ.

ತುಳಸಿಯು ಬಹುವಾರ್ಷಿಕವಾದರೂ ಕೋಮಲ ಸ್ವಭಾವದ ಗಿಡ. ಹಿಮ ಬೀಳುವ ಪ್ರದೇಶಗಳಲ್ಲಿ ಇದನ್ನು ಒಂದೇ ಋತುವಿನ ಬೆಳೆಯಾಗಿ ಬೆಳೆಯುತ್ತಾರೆ. ನಮ್ಮಲ್ಲಿ ಹಿಮವಿಲ್ಲದಿದ್ದರೂ ಡಿಸೆಂಬರ್ ಮತ್ತು ಜನವರಿಯ ತಣ್ಣನೆಯ ರಾತ್ರಿಗಳಲ್ಲಿ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಮಣ್ಣು ಮತ್ತು ಕಟ್ಟೆಯ ಸಿದ್ಧತೆ

ಘಟಪ್ರಭಾ ಕಾಲುವೆಯ ನೀರಾವರಿ ಪ್ರದೇಶದ ಎರೆಮಣ್ಣು ಕಬ್ಬಿಗೆ ಒಗ್ಗಿದರೂ ತುಳಸಿಯ ಬೇರಿಗೆ ಒಗ್ಗುವುದಿಲ್ಲ. ಈ ಮಣ್ಣು ನೀರನ್ನು ಬಹುಕಾಲ ಹಿಡಿದಿಟ್ಟುಕೊಂಡು, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಹೊಲದ ಮಣ್ಣನ್ನು ಹಾಗೆಯೇ ತಂದು ಕಟ್ಟೆಗೆ ತುಂಬಬಾರದು. ಸವಳು ಅಥವಾ ಜವಳು ಹಿಡಿದ ಹೊಲದ ಮಣ್ಣನ್ನಂತೂ ಬಳಸಲೇಬಾರದು.

• ಎರಡು ಭಾಗ ಮಸಾರಿ ಮಣ್ಣು, ಒಂದು ಭಾಗ ಮರಳು ಮತ್ತು ಒಂದು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಬೆರೆಸಿ ಮಿಶ್ರಣ ತಯಾರಿಸಬೇಕು. ಇದಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು.
• ಕಟ್ಟೆ ಅಥವಾ ಕುಂಡದ ತಳದಲ್ಲಿ ನೀರು ಹೊರಹೋಗಲು ರಂಧ್ರವಿರಲೇಬೇಕು. ಸಿಮೆಂಟಿನ ಬೃಂದಾವನಗಳಲ್ಲಿ ಈ ರಂಧ್ರ ಇಲ್ಲದಿರುವುದೇ ಗಿಡ ಸಾಯಲು ಸಾಮಾನ್ಯ ಕಾರಣ.
• ರಂಧ್ರದ ಮೇಲೆ 5 ರಿಂದ 7 ಸೆಂ.ಮೀ. ದಪ್ಪ ಇಟ್ಟಿಗೆ ಚೂರು ಅಥವಾ ಜಲ್ಲಿ ಹಾಕಿ ನಂತರ ಮಣ್ಣು ತುಂಬಬೇಕು.
• ಹೊಸ ಸಿಮೆಂಟ್ ಕಟ್ಟೆಯ ಕ್ಷಾರ ಬೇರಿಗೆ ಹಾನಿಕರ. ಒಂದು ವಾರ ಕಾಲ ನೀರು ತುಂಬಿಸಿ, ಎರಡು ಮೂರು ಬಾರಿ ಬದಲಿಸಿ, ತೊಳೆದ ನಂತರವೇ ನಾಟಿ ಮಾಡಬೇಕು.

ಸಸ್ಯಾಭಿವೃದ್ಧಿ

ಬೀಜದಿಂದ: ಮೇ ಕೊನೆಯ ವಾರದಿಂದ ಜೂನ್ ತಿಂಗಳೊಳಗೆ ಬಿತ್ತನೆ ಮಾಡಬಹುದು. ಬೀಜ ಬಹಳ ಸಣ್ಣದಾದ್ದರಿಂದ ನಯವಾದ ಮರಳಿನೊಂದಿಗೆ ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಗೊಬ್ಬರದ ಪುಡಿ ಮುಚ್ಚಬೇಕು. ಸಾಮಾನ್ಯವಾಗಿ 8 ರಿಂದ 12 ದಿನಗಳಲ್ಲಿ ಮೊಳಕೆ ಬರುತ್ತದೆ. ಸುಮಾರು 6 ವಾರಗಳ ಸಸಿ ನಾಟಿಗೆ ಸಿದ್ಧ. ಹಿತ್ತಲಿನಲ್ಲಿ ಹೆಚ್ಚು ಗಿಡ ನೆಡುವವರು 40 × 40 ಸೆಂ.ಮೀ. ಅಂತರ ಕೊಡಬೇಕು.

ಕಡ್ಡಿಯಿಂದ: ರಾಮ ತುಳಸಿ ಮತ್ತು ಕೃಷ್ಣ ತುಳಸಿ ಒಂದೇ ಅಂಗಳದಲ್ಲಿದ್ದರೆ ಜೇನ್ನೊಣಗಳಿಂದ ಪರಾಗ ಬೆರಕೆಯಾಗುತ್ತದೆ. ಅಂಥ ಬೀಜದ ಸಸಿಗಳಲ್ಲಿ ಕಪ್ಪು ಬಣ್ಣ ಕುಂದಬಹುದು. ತಾಯಿಗಿಡದ ಬಣ್ಣ ಮತ್ತು ಪರಿಮಳ ಹಾಗೆಯೇ ಬೇಕಾದರೆ ಕಡ್ಡಿ ನೆಡುವುದೇ ಸೂಕ್ತ. ಕದಿರು ಬಾರದ 10 ರಿಂದ 15 ಸೆಂ.ಮೀ. ಉದ್ದದ ತುದಿಕಡ್ಡಿ ಕತ್ತರಿಸಿ, ಮೇಲಿನ ಎರಡು ಜೊತೆ ಎಲೆ ಬಿಟ್ಟು ಉಳಿದವನ್ನು ತೆಗೆದು, ಮರಳು ಮಿಶ್ರಿತ ಮಣ್ಣಿನಲ್ಲಿ ನೆಟ್ಟು ನೆರಳಿನಲ್ಲಿಡಬೇಕು. 4 ರಿಂದ 6 ವಾರಗಳಲ್ಲಿ ಬೇರು ಬಿಡುತ್ತದೆ. ಅಕ್ಟೋಬರ್ ತಿಂಗಳಿನಲ್ಲಿ, ಚಳಿ ಬಲಿಯುವ ಮುನ್ನ, ಪ್ರತಿ ಮನೆಯಲ್ಲಿಯೂ ಎರಡು ಮೂರು ಕಡ್ಡಿ ನೆಟ್ಟುಕೊಳ್ಳುವುದು ಒಳ್ಳೆಯದು. ತಾಯಿಗಿಡ ಹೋದರೂ ಕಟ್ಟೆ ಬರಿದಾಗುವುದಿಲ್ಲ.

ಕದಿರು ಚಿವುಟುವುದು

ಇದು ತುಳಸಿಯ ಆಯುಷ್ಯವನ್ನು ನಿರ್ಧರಿಸುವ ಮುಖ್ಯ ಕೆಲಸ. ಬೀಜ ಬಲಿತೊಡನೆ ಗಿಡವು ತನ್ನ ಶಕ್ತಿಯನ್ನು ಬೀಜಕ್ಕೆ ಸುರಿದು ಚಿಗುರುವುದನ್ನು ನಿಲ್ಲಿಸುತ್ತದೆ. ಕೆಳಗಿನ ಎಲೆಗಳು ಉದುರಿ ಕಾಂಡ ಕಟ್ಟಿಗೆಯಾಗುತ್ತದೆ. ತುಳಸಿ ಲಗ್ನದ ನಂತರ ಗಿಡಗಳು ಒಟ್ಟಿಗೆ ಸೊರಗಲು ಬೀಜದ ಭಾರ ಮತ್ತು ಚಳಿ ಒಂದೇ ಸಮಯಕ್ಕೆ ಬರುವುದೇ ಕಾರಣ.

ಕದಿರು ಇನ್ನೂ ಕಪ್ಪು ನೇರಳೆಯಾಗಿರುವಾಗಲೇ, ಕಂದು ಬಣ್ಣಕ್ಕೆ ತಿರುಗುವ ಮೊದಲು, ಅದರ ಕೆಳಗಿನ ಒಂದು ಜೊತೆ ಎಲೆ ಸಹಿತ ವಾರಕ್ಕೊಮ್ಮೆ ಚಿವುಟಬೇಕು. ಚಿವುಟಿದ ಕಡೆ ಎರಡು ಹೊಸ ಚಿಗುರು ಬರುತ್ತವೆ. ಗಿಡಕ್ಕೆ ಕತ್ತರಿ ಹಾಕಲು ಮನಸ್ಸೊಪ್ಪದವರು ಕದಿರನ್ನು ಬೆಳಗಿನ ಪೂಜೆಗೆ ಕೊಯ್ದರೂ ಇದೇ ಕೆಲಸವಾಗುತ್ತದೆ. ತುಳಸಿ ಕೊಯ್ಯದ ದಿನಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಕೊಯ್ದರೆ ಸಾಕು. ಬೀಜಕ್ಕಾಗಿ ಒಂದೆರಡು ಕದಿರು ಮಾತ್ರ ಬಿಡಬೇಕು.

ನೀರು ಮತ್ತು ಗೊಬ್ಬರ

ಮನೆಯ ಪ್ರತಿಯೊಬ್ಬರೂ ಸ್ನಾನದ ನಂತರ ಒಂದೊಂದು ತಂಬಿಗೆ ನೀರು ಹಾಕಿದರೆ ಮಳೆಗಾಲ ಮತ್ತು ಚಳಿಗಾಲದಲ್ಲಿ ಅದು ಗಿಡಕ್ಕೆ ವಿಪರೀತವಾಗುತ್ತದೆ. ಒಬ್ಬರು ನೀರು ಹಾಕಿ, ಉಳಿದವರು ಒಂದು ಉದ್ಧರಣೆಯಷ್ಟು ಅರ್ಪಿಸುವುದು ಸೂಕ್ತ. ಬೆರಳನ್ನು ಒಂದು ಅಂಗುಲ ಆಳಕ್ಕೆ ಇಳಿಸಿ ನೋಡಿ. ತೇವವಿದ್ದರೆ ನೀರು ಬೇಡ. ಬೇಸಿಗೆಯಲ್ಲಿ ದಿನಕ್ಕೊಮ್ಮೆ, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಉಪ್ಪುನೀರಿನ ಬೋರ್‌ವೆಲ್ ಇರುವೆಡೆ ಮಳೆನೀರು ಅಥವಾ ಕುಡಿಯುವ ನೀರನ್ನು ಬಳಸಬೇಕು.

ಹಾಲು, ಎಣ್ಣೆ, ಅರಿಷಿಣ ಮತ್ತು ಕುಂಕುಮವನ್ನು ಬುಡದ ಮಣ್ಣಿಗೆ ಹಾಕದೆ ಕಟ್ಟೆಗೆ ಅರ್ಪಿಸುವುದು ಒಳಿತು. ದೀಪವನ್ನು ಕಟ್ಟೆಯ ಗೂಡಿನಲ್ಲಿಡಬೇಕು. ಬುಡದಲ್ಲಿಟ್ಟ ದೀಪದ ಶಾಖ ಕಾಂಡದ ತೊಗಟೆಯನ್ನು ಸುಡುತ್ತದೆ. ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು. ಯೂರಿಯಾ ಬೇಡ.

ಒಣಗುವ ಬಗೆಯಿಂದ ಕಾರಣ ತಿಳಿಯುವುದು

• ಮಣ್ಣು ಹಸಿಯಿದ್ದರೂ ಎಲೆ ಜೋತುಬಿದ್ದಿದ್ದರೆ: ಬೇರು ಕೊಳೆತ. ನೀರು ನಿಲ್ಲಿಸಿ, ತಳದ ರಂಧ್ರ ಬಿಡಿಸಬೇಕು. ಹಸಿರು ತುದಿಗಳಿಂದ ಕಡ್ಡಿ ಉಳಿಸಿಕೊಳ್ಳಬೇಕು.
• ಎಲೆಯ ಅಂಚು ಸುಟ್ಟಂತಾಗಿ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ: ಲವಣದ ಬಾಧೆ. ಮೇಲ್ಮಣ್ಣು ತೆಗೆದು, ಸಿಹಿನೀರು ತುಂಬ ಹಾಕಿ ತಳದಿಂದ ಬಸಿದುಹೋಗಲು ಬಿಡಬೇಕು.
• ಬೇರಿನಲ್ಲಿ ಗಂಟುಗಳಿದ್ದರೆ: ಜಂತುಹುಳುವಿನ ಬಾಧೆ. ಗಿಡ ಮತ್ತು ಮಣ್ಣು ಎರಡನ್ನೂ ಬದಲಿಸಬೇಕು.
• ಎಲೆ ಮುದುಡಿ, ಕೆಳಭಾಗದಲ್ಲಿ ಸಣ್ಣ ಕೀಟ ಹಾಗೂ ಕಪ್ಪು ಚುಕ್ಕೆಗಳಿದ್ದರೆ: ಜಾಲರಿ ರೆಕ್ಕೆಯ ತಿಗಣೆ. ಬಾಧಿತ ತುದಿಗಳನ್ನು ಕತ್ತರಿಸಿ ನಾಶಪಡಿಸಿ, ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ನೀರಿನೊಂದಿಗೆ ಬೆರೆಸಿ ಸಂಜೆ ಎಲೆಯ ಕೆಳಭಾಗಕ್ಕೆ ಸಿಂಪಡಿಸಬೇಕು. ತೀರ್ಥಕ್ಕೆ, ಕಷಾಯಕ್ಕೆ ಬಳಸುವ ಗಿಡವಾದ್ದರಿಂದ ರಾಸಾಯನಿಕ ಕೀಟನಾಶಕ ಬಳಸಬಾರದು.
• ಎಲೆ ಕಿರಿದಾಗಿ ಸುರುಳಿ ಸುತ್ತಿ, ಕಾಂಡ ತಿರುಚಿಕೊಂಡಿದ್ದರೆ: ಕಳೆನಾಶಕದ ಬಾಧೆ. ಕಬ್ಬಿನಲ್ಲಿ ಬಳಸುವ 2,4-ಡಿ ಅಗಲ ಎಲೆಯ ಸಸ್ಯಗಳನ್ನು ಕೊಲ್ಲುತ್ತದೆ. ಹೊಲಕ್ಕೆ ಹೊಂದಿಕೊಂಡ ಮನೆಗಳಲ್ಲಿ ಗಾಳಿಯೊಡನೆ ಬಂದ ತುಂತುರು ಸಾಕು. ಗಾಳಿಯಿಲ್ಲದ ವೇಳೆಯಲ್ಲಿ ಸಿಂಪಡಿಸಬೇಕು. ಸಿಂಪರಣಾ ಯಂತ್ರವನ್ನು ಅಂಗಳದಲ್ಲಿ ತೊಳೆಯಬಾರದು. ಬಾಧಿತ ಗಿಡದ ಎಲೆಯನ್ನು ಸೇವಿಸಬಾರದು.
• ಚಳಿಯಲ್ಲಿ ಎಲೆ ಸಣ್ಣದಾಗಿ ಉದುರಿದ್ದರೆ: ಕೀಳಲು ಅವಸರಪಡಬೇಡಿ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ.

ಚಳಿಗಾಲದ ರಕ್ಷಣೆ ಮತ್ತು ಪುನಶ್ಚೇತನ

ಡಿಸೆಂಬರ್‌ನಿಂದ ಜನವರಿವರೆಗೆ ಕುಂಡವನ್ನು ಬೆಳಗಿನ ಬಿಸಿಲು ಬೀಳುವ ಗೋಡೆಯ ಬದಿಗೆ ಇಡಬೇಕು. ಕಟ್ಟೆಯ ಗಿಡಕ್ಕೆ ರಾತ್ರಿ ತೆಳು ಬಟ್ಟೆ ಹೊದಿಸಬಹುದು. ನೀರನ್ನು ಸಂಜೆಯ ಬದಲು ಬಿಸಿಲೇರಿದ ಮೇಲೆ ಹಾಕಬೇಕು. ಫೆಬ್ರವರಿಯಲ್ಲಿ ಚಳಿ ಇಳಿದೊಡನೆ ಹಳೆಯ ಕೊಂಬೆಗಳನ್ನು ನೆಲದಿಂದ 15 ರಿಂದ 20 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಗೊಬ್ಬರ ಕೊಟ್ಟರೆ ಯುಗಾದಿಯ ಹೊತ್ತಿಗೆ ಹೊಸ ಚಿಗುರು ಕಾಣುತ್ತದೆ.

ಎರಡು ಮೂರು ವರ್ಷಗಳಾದ ಗಿಡ ವಯಸ್ಸಾಗಿಯೇ ಒಣಗುತ್ತದೆ. ಅದರ ಕಡ್ಡಿಯಿಂದ ಬೆಳೆಸಿದ ಸಸಿಯನ್ನು ಅದೇ ಕಟ್ಟೆಯಲ್ಲಿ ಮಣ್ಣು ಬದಲಿಸಿ ನೆಡಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮನೆಭೇಟಿಯ ವೇಳೆ ಕಟ್ಟೆಯ ರಂಧ್ರ, ಮಣ್ಣಿನ ಬಗೆ, ನೀರಿನ ಮೂಲ ಮತ್ತು ಪಕ್ಕದ ಹೊಲದ ಸಿಂಪರಣೆ, ಈ ನಾಲ್ಕನ್ನು ಮೊದಲು ಪರಿಶೀಲಿಸಬೇಕು. ಆಚರಣೆಯನ್ನು ಟೀಕಿಸದೆ ಪರ್ಯಾಯವನ್ನು ತೋರಿಸಿದರೆ ಮನೆಯವರು ಒಪ್ಪುತ್ತಾರೆ. ಮಹಿಳಾ ಸ್ವಸಹಾಯ ಸಂಘಗಳು ಆಗಸ್ಟ್‌ನಲ್ಲಿ ಸಸಿ ಬೆಳೆಸಿದರೆ ತುಳಸಿ ಲಗ್ನದ ಮುನ್ನ ಸಂತೆಯಲ್ಲಿ ಮಾರಾಟ ಮಾಡಬಹುದು. ಹೆಚ್ಚಿನ ಮಾಹಿತಿಗೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.