ಹಚ್ಚಿಕೊಳ್ಳುವುದು, ಓಗೊಡುವುದು

ಸಂಜೆ ಮನೆಗೆ ಬಂದ ಹೆಂಡತಿ ಬ್ಯಾಗನ್ನು ಸೋಫಾ ಮೇಲೆ ಒಗೆದು, "ಇವತ್ತು ಆಫೀಸಲ್ಲಿ ತಲೆ ಕೆಟ್ಟುಹೋಯ್ತು ರೀ" ಅನ್ನುತ್ತಾಳೆ. ಗಂಡ ಮೊಬೈಲಿನಿಂದ ಕಣ್ಣೆತ್ತದೆ, "ಹಾಗಾದ್ರೆ ಕೆಲಸ ಬಿಟ್ಬಿಡು" ಅನ್ನುತ್ತಾನೆ. ಅವನ ಲೆಕ್ಕದಲ್ಲಿ ಅದು ಪರಿಹಾರ. ಅವಳಿಗೆ ಗೋಡೆಗೆ ಹೇಳಿದಂತಾಯಿತು.

ಇಂಥ ಮಾತು ಎಲ್ಲರಿಗೂ ಒಂದೇ ಥರ ತಾಕುವುದಿಲ್ಲ, ಏಕೆಂದರೆ ಒಬ್ಬೊಬ್ಬರು ಇನ್ನೊಬ್ಬರನ್ನು ಹಚ್ಚಿಕೊಳ್ಳುವ ರೀತಿ ಬೇರೆ ಬೇರೆ. ಮನಶ್ಶಾಸ್ತ್ರದಲ್ಲಿ ಇದು 'ಅಟ್ಯಾಚ್‌ಮೆಂಟ್ ಸ್ಟೈಲ್'. ಬ್ರಿಟನ್ನಿನ ಜಾನ್ ಬೌಲ್ಬಿ ಮತ್ತು ಅಮೆರಿಕ ಮೂಲದ ಮೇರಿ ಐನ್ಸ್‌ವರ್ತ್ ಇದನ್ನು ಗುರುತಿಸಿದ್ದು ತಾಯಿ ಮಗುವಿನ ನಡುವೆ. ಮಕ್ಕಳಲ್ಲಿ ಕಂಡ ಮೂರು ಬಗೆಗಳೇ ದೊಡ್ಡವರ ಪ್ರೀತಿಯಲ್ಲೂ ಇವೆ ಎಂದು 1987ರಲ್ಲಿ ಅಮೆರಿಕದ ಸಿಂಡಿ ಹೇಜನ್, ಫಿಲಿಪ್ ಶೇವರ್ ತೋರಿಸಿದರು. ಅವರ ಪ್ರಶ್ನೆಗಳಿಗೆ ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 'ಸೆಕ್ಯೂರ್', ಅಂದರೆ ನೆಮ್ಮದಿಯಾಗಿ ಹಚ್ಚಿಕೊಳ್ಳುವವರು. 'ಆಂಕ್ಷಸ್' ಅಂದರೆ ಆತಂಕದವರು. ಫೋನ್ ಎತ್ತದಿದ್ದರೆ ಹತ್ತು ಸಲ ಮಾಡುತ್ತಾರೆ. 'ಅವಾಯ್ಡೆಂಟ್' ಅಂದರೆ ತಪ್ಪಿಸಿಕೊಳ್ಳುವವರು. ಜಗಳ ಶುರುವಾದರೆ ಗಾಡಿ ಹತ್ತಿ ಹೊರಟರು. ಈ ಇಬ್ಬರೇ ಗಂಟುಬಿದ್ದರೆ ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ದೂರ.

"ಹಾಗಾದರೆ ಜಾತಕದಂತೆ ಇದನ್ನೂ ಹೊಂದಿಸಿ ನೋಡಬೇಕೇ?" ಬೇಡ. ಈ ಸ್ವಭಾವ ಬದಲಾಗಬಲ್ಲದು. ಅದಕ್ಕೆ ನೆರವಾಗುವುದು ಸಂಗಾತಿಯ ಓಗೊಡುವ ಗುಣ, 'ರೆಸ್ಪಾನ್ಸಿವ್‌ನೆಸ್'. ನಾನು ಇವರಿಗೆ ಅರ್ಥವಾಗುತ್ತೇನೆ, ನನ್ನ ಮಾತಿಗೆ ಬೆಲೆಯಿದೆ, ನನ್ನ ಮೇಲೆ ಕಾಳಜಿಯಿದೆ ಎಂದು ಸಂಗಾತಿಗೆ ಅನ್ನಿಸಬೇಕು. ನೀವು ಓಗೊಟ್ಟಿರಿ ಎಂಬುದಷ್ಟೇ ಸಾಲದು, ಅವರಿಗೆ ಅದು ಮುಟ್ಟಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸ ದಂಪತಿಗಳನ್ನು ಗಮನಿಸಿ, ಆರು ವರ್ಷದ ನಂತರ ವಿಚಾರಿಸಿದರು. ಜೊತೆಗೆ ಉಳಿದವರು ಸಂಗಾತಿ ಗಮನ ಸೆಳೆಯಲು ಮಾಡಿದ ನೂರು ಪ್ರಯತ್ನಗಳಲ್ಲಿ 86ಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ.

ಕಷ್ಟಕ್ಕೆ ಮಾತ್ರವಲ್ಲ, ಸಂತೋಷಕ್ಕೂ ಓಗೊಡಬೇಕು. "ಸಂಬಳ ಹೆಚ್ಚಾಯ್ತು" ಎಂದರೆ "ಟ್ಯಾಕ್ಸೂ ಹೆಚ್ಚಾಗುತ್ತೆ" ಎನ್ನುವ ಮಹಾಶಯರು ನಮ್ಮಲ್ಲಿ ಕಡಿಮೆಯಿಲ್ಲ!

ಮಾಡುವುದು ಹೇಗೆ? ಮೊದಲು ಮೊಬೈಲ್ ಕೆಳಗಿಡಿ. "ಏನಾಯ್ತು?" ಅನ್ನಿ. ಉಪಾಯ ಕೇಳಿದರೆ ಮಾತ್ರ ಹೇಳಿ. ಜಗಳದ ನಡುವೆ ಎದ್ದುಹೋಗಲೇಬೇಕೆನಿಸಿದರೆ "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಎಂದು ಹೇಳಿ ಹೋಗಿ. ಅರ್ಧ ಗಂಟೆಗೆ ವಾಪಸ್ ಬನ್ನಿ. ಆತಂಕದ ಸಂಗಾತಿಗೆ ನಿಮ್ಮ ಸಿಟ್ಟಿಗಿಂತ, ಯಾವಾಗ ಬರುತ್ತೀರೋ ಗೊತ್ತಿಲ್ಲದಿರುವುದೇ ಹೆಚ್ಚು ಹಿಂಸೆ.

ಇಷ್ಟಕ್ಕೆ ಖರ್ಚಿಲ್ಲ. ನಿಮ್ಮಿಂದಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ವಿಭಾಗವಿದೆ. ಆದರೆ ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅದಕ್ಕೆ ಓಗೊಡುವುದು ಮದ್ದಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.