ಹಾಡುವ ಅತಿಥಿ: ಪ್ರೇಷಿತಯಾತ್ರೆಯಲ್ಲಿ ಸಂಗೀತ ಮತ್ತು ಸಂಬಂಧ

ಕ್ರೈಸ್ತ ಗಾಯಕರೂ ವಾದ್ಯಗಾರರೂ ತಂಡ ಕಟ್ಟಿಕೊಂಡು ಹೊರದೇಶಗಳಿಗೆ ಪ್ರೇಷಿತಯಾತ್ರೆ ಕೈಗೊಳ್ಳುವುದು ಇಂದು ಸಾಮಾನ್ಯ ಸಂಗತಿ. ಎರಡು ವಾರಗಳ ಅವಧಿ, ಹಲವಾರು ಊರುಗಳು, ಸಂಜೆಗೊಂದು ಗಾನಗೋಷ್ಠಿ. ಇಂಥ ತಂಡಗಳನ್ನು ನಮ್ಮ ಧರ್ಮಕೇಂದ್ರಗಳೂ ಬರಮಾಡಿಕೊಂಡಿವೆ. ಇತ್ತ ಕರ್ನಾಟಕದಿಂದಲೇ ಆಫ್ರಿಕಾಕ್ಕೂ ಲ್ಯಾಟಿನ್ ಅಮೆರಿಕಕ್ಕೂ ತೆರಳುವ ಯಾಜಕರಲ್ಲಿ ಗಿಟಾರನ್ನೋ ಹಾರ್ಮೋನಿಯಂ ಅನ್ನೋ ಬಲ್ಲವರು ಅನೇಕರಿದ್ದಾರೆ. ಆದುದರಿಂದ ಗುರುಮಠದಲ್ಲಿ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ: ಹಾಡು ಸಂಬಂಧವನ್ನು ಕಟ್ಟುವುದು ಯಾವಾಗ, ಬರಿಯ ಶ್ರೋತೃಗಳನ್ನು ಕಲೆಹಾಕುವುದು ಯಾವಾಗ?

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ನಾವು ಬಲ್ಲ ಒಂದು ಧರ್ಮಕೇಂದ್ರಕ್ಕೆ ಹೊರದೇಶದ ತಂಡವೊಂದು ಬಂದು ಬಹಳ ಸೊಗಸಾಗಿ ಹಾಡಿ ಹೋಯಿತು. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ಊರಿನ ಗಾನವೃಂದದವರು ತಮ್ಮ ಎಂದಿನ ಹಾಡುಗಳನ್ನು ಹಾಡಲು ನಾಚಿಕೊಂಡರು. ಬಂದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೂ ಅವರು ಬಿಟ್ಟುಹೋದದ್ದು ಒಂದು ಮೌನವನ್ನು. ಸಂಗೀತಕ್ಕೆ ಭಾಷೆಯ ಗಡಿಯಿಲ್ಲವೆಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ವಾಸ್ತವದಲ್ಲಿ ಪ್ರತಿಯೊಂದು ಜನಾಂಗದ ಸಂಗೀತವೂ ಕಲಿತೇ ತಿಳಿಯಬೇಕಾದ ಭಾಷೆ.

ಪವಿತ್ರಗ್ರಂಥದ ಬೆಳಕಿನಲ್ಲಿ

ಪರದೇಶದಲ್ಲಿ ಹಾಡುವುದರ ಕಷ್ಟವನ್ನು 137ನೆಯ ಕೀರ್ತನೆ ಬಲ್ಲದು. ಬಾಬಿಲೋನಿನಲ್ಲಿ ಸೆರೆಯಾಳುಗಳಿಂದ ಸಿಯೋನಿನ ಗೀತೆಗಳನ್ನು ವಿನೋದಕ್ಕಾಗಿ ಬಯಸಲಾಯಿತು. ಅವರು ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿದರು. ಕೇಳುವವರು ಹಾಡನ್ನು ಬಯಸಿ ಹಾಡುವವರನ್ನು ಬಯಸದಿದ್ದಾಗ ಸಂಬಂಧವು ಸಾಧ್ಯವಿಲ್ಲ. ಇದರ ಮಗ್ಗುಲು ಬದಲಿಸಿದರೂ ಸತ್ಯ ಅದೇ: ಹಾಡುವವರು ಕಿವಿಗಳನ್ನು ಬಯಸಿ ಕೇಳುವವರನ್ನು ಬಯಸದಿದ್ದಾಗಲೂ ಸಂಬಂಧವಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ಇನ್ನೊಂದು ಚಿತ್ರವನ್ನು ಕೊಡುತ್ತದೆ. ಪೌಲನೂ ಸೀಲನೂ ತ್ರೋವದಿಂದ ಕಡಲು ದಾಟಿ ಮಕೆದೋನಿಯಕ್ಕೆ ಬಂದವರು. ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಅವರು ದೇವರನ್ನು ಸ್ತುತಿಸಿ ಹಾಡಿದಾಗ ಇತರ ಸೆರೆಯಾಳುಗಳು ಕಿವಿಗೊಟ್ಟಿದ್ದರು. ಆ ರಾತ್ರಿ ಮುಗಿದದ್ದು ಹೇಗೆ? ಸೆರೆಮನೆಯ ಅಧಿಕಾರಿ ಅವರ ಗಾಯಗಳನ್ನು ತೊಳೆದನು, ತನ್ನ ಮನೆಗೆ ಕರೆದೊಯ್ದು ಊಟವನ್ನು ಬಡಿಸಿದನು. ಹಾಡಿದವರು ಬೋಧಿಸಿದರು, ಸ್ನಾನದೀಕ್ಷೆಯನ್ನೂ ಕೊಟ್ಟರು. ಜೊತೆಗೆ ಉಪಚಾರವನ್ನು ಸ್ವೀಕರಿಸಿದರು. ಎಪ್ಪತ್ತೆರಡು ಮಂದಿಯನ್ನು ಕಳುಹಿಸುವಾಗ ಯೇಸುಸ್ವಾಮಿ ವಿಧಿಸಿದ್ದೂ ಇದನ್ನೇ: ಒಂದೇ ಮನೆಯಲ್ಲಿ ತಂಗಿರಿ, ಬಡಿಸಿದ್ದನ್ನು ಉಣ್ಣಿರಿ (ಲೂಕ 10). ಪ್ರೇಷಿತನು ಮೊದಲು ಅತಿಥಿ. ಕೊಡುವುದಕ್ಕೆ ಮುಂಚೆ ಪಡೆಯಲು ಬಲ್ಲವನು.

ಬೀಜಿಂಗಿನ ಪಾಠ

1601ರಲ್ಲಿ ಯೇಸುಸಭೆಯ ಮತ್ತೆಯೊ ರಿಚ್ಚಿ ಬೀಜಿಂಗಿಗೆ ಬಂದಾಗ ವಾನ್‌ಲಿ ಚಕ್ರವರ್ತಿಗೆ ಒಪ್ಪಿಸಿದ ಕಾಣಿಕೆಗಳಲ್ಲಿ ಗಡಿಯಾರಗಳೊಡನೆ ತಂತಿಗಳುಳ್ಳ ಒಂದು ಕೀಲಿಮಣೆ ವಾದ್ಯವೂ ಇತ್ತು. ಅದನ್ನು ನುಡಿಸಲು ಕಲಿಯುವಂತೆ ಅರಮನೆಯ ನಾಲ್ವರು ವಾದಕರಿಗೆ ಆಜ್ಞೆಯಾಯಿತು. ಕಲಿಸಿದವರು ರಿಚ್ಚಿಯವರ ಸಂಗಾತಿ ದಿಯೇಗೊ ದ ಪಂತೋಹ. ಅವರೇ ಆ ವಿದ್ಯೆಯನ್ನು ನಾನ್‌ಜಿಂಗ್‌ನಲ್ಲಿ ಇನ್ನೊಬ್ಬ ಯೇಸುಸಭೆಯ ಗುರುಗಳಿಂದ ಕಲಿತುಕೊಂಡಿದ್ದರು. ಚಕ್ರವರ್ತಿಯ ಮುಖದರ್ಶನ ರಿಚ್ಚಿಯವರಿಗೆ ಎಂದೂ ಆಗಲಿಲ್ಲ. ಆದರೆ ಪಾಠದ ನಿಮಿತ್ತ ಅರಮನೆಯ ಬಾಗಿಲು ತೆರೆಯಿತು. ಹಾಡಿನ ಅರ್ಥವನ್ನು ಅಲ್ಲಿನವರು ಕೇಳಿದಾಗ ರಿಚ್ಚಿ ಯುರೋಪಿನ ಹಾಡುಗಳನ್ನು ಹಾಗೆಯೇ ಒಪ್ಪಿಸಲಿಲ್ಲ. ಚೀನೀ ಭಾಷೆಯಲ್ಲಿ ನೀತಿಬೋಧಕವಾದ ಎಂಟು ಗೀತೆಗಳನ್ನು ರಚಿಸಿಕೊಟ್ಟರು. ಕಚೇರಿಯಿಂದ ದೊರೆಯದ ಸಂಬಂಧವು ಗುರುಶಿಷ್ಯರ ಒಡನಾಟದಿಂದ ದೊರೆಯಿತು.

ಚಿಕಿಟೋಸಿನ ಸಾಕ್ಷ್ಯ

ಇದಕ್ಕಿಂತ ಆಳವಾದ ಉದಾಹರಣೆ ಇಂದಿನ ಬೊಲಿವಿಯಾದ ಪೂರ್ವಭಾಗದ ಚಿಕಿಟೋಸ್ ಪ್ರಾಂತ್ಯದಲ್ಲಿದೆ. ಅಲ್ಲಿ 1691ರಲ್ಲಿ ಯೇಸುಸಭೆಯವರು ಸಾನ್ ಹಾವಿಯೇರ್ ಎಂಬ ಮೊದಲ ಗ್ರಾಮವನ್ನು ನೆಲೆಗೊಳಿಸಿದರು. 1730ರಲ್ಲಿ ಅಲ್ಲಿಗೆ ಬಂದ ಸ್ವಿಟ್ಜರ್‌ಲೆಂಡಿನ ಮಾರ್ಟಿನ್ ಶ್ಮಿಡ್ ಸಂಗೀತಗಾರರೂ ಹೌದು, ದೇವಾಲಯಗಳ ಶಿಲ್ಪಿಯೂ ಹೌದು. ಅವರು ಸ್ಥಳೀಯರೊಡನೆ ಸ್ಥಳೀಯ ಮರದಲ್ಲಿಯೇ ಪಿಟೀಲುಗಳನ್ನೂ ಆರ್ಗನ್‌ಗಳನ್ನೂ ತಯಾರಿಸಿದರು. ಊರೂರಿನಲ್ಲಿ ಗಾಯಕರನ್ನೂ ವಾದಕರನ್ನೂ ತರಬೇತುಗೊಳಿಸಿದರು. ಹಾಡುಗಳು ಲತೀನ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಷ್ಟೇ ಅಲ್ಲದೆ ಚಿಕಿಟಾನೊ ಭಾಷೆಯಲ್ಲಿಯೂ ಬೆಳೆದವು. ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ಕುರಿತ ಒಂದು ಗೀತನಾಟಕವೇ ಆ ಭಾಷೆಯಲ್ಲಿದೆ.

1767ರಲ್ಲಿ ಸ್ಪೇನಿನ ದೊರೆ ಮೂರನೆಯ ಚಾರ್ಲ್ಸ್ ಯೇಸುಸಭೆಯವರನ್ನು ತನ್ನ ರಾಜ್ಯಗಳಿಂದ ಹೊರಹಾಕಿದನು. ಮುದುಕರಾಗಿದ್ದ ಶ್ಮಿಡ್ ತಾಯ್ನಾಡಿಗೆ ಮರಳಿ 1772ರಲ್ಲಿ ತೀರಿಕೊಂಡರು. ಅವರು ಹೋದಮೇಲೆ ಸಂಗೀತವೂ ಹೋಗಬೇಕಾಗಿತ್ತು, ಹೋಗಲಿಲ್ಲ. ಊರಿನ ಗಾನಗುರುಗಳು ಹಾಳೆಗಳನ್ನು ಕೈಯಿಂದ ನಕಲು ಮಾಡುತ್ತ, ನುಡಿಸುತ್ತ, ಮಕ್ಕಳಿಗೆ ಕಲಿಸುತ್ತ ತಲೆಮಾರುಗಳವರೆಗೆ ಅದನ್ನು ಕಾಪಾಡಿದರು. 1970ರ ದಶಕದಲ್ಲಿ ಹಾನ್ಸ್ ರೋಟ್ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಈ ದೇವಾಲಯಗಳ ಜೀರ್ಣೋದ್ಧಾರ ನಡೆಯುತ್ತಿದ್ದಾಗ ಸಾವಿರಾರು ಪುಟಗಳ ಸಂಗೀತ ಹಸ್ತಪ್ರತಿಗಳು ಬೆಳಕಿಗೆ ಬಂದವು. ರೋಮಿನ ಯೇಸು ದೇವಾಲಯದಲ್ಲಿ ಆರ್ಗನ್ ವಾದಕರಾಗಿದ್ದು, 1717ರಲ್ಲಿ ದಕ್ಷಿಣ ಅಮೆರಿಕಕ್ಕೆ ತೆರಳಿ, ಯಾಜಕದೀಕ್ಷೆಗೆ ಮೊದಲೇ 1726ರಲ್ಲಿ ಕೊರ್ದೊಬಾದಲ್ಲಿ ನಿಧನರಾದ ದೊಮೆನಿಕೊ ತ್ಸಿಪೊಲಿಯವರ ಕೃತಿಗಳೂ ಅವುಗಳಲ್ಲಿದ್ದವು. ಆ ಹಾಳೆಗಳನ್ನು ಎರಡು ಶತಮಾನಗಳ ಕಾಲ ಉಳಿಸಿದವರು ಯುರೋಪಿನ ವಿದ್ವಾಂಸರಲ್ಲ, ಹಳ್ಳಿಯ ವಿಶ್ವಾಸಿಗಳು. ಇಂದು ಆ ದೇವಾಲಯಗಳಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಹಲವು ದೇಶಗಳ ವಾದಕರು ಬಂದು ಅಲ್ಲಿನ ಯುವಜನರೊಡನೆ ಅದನ್ನೇ ನುಡಿಸುತ್ತಾರೆ.

ಈ ಚಿತ್ರದ ನೆರಳನ್ನು ಮರೆಮಾಚಬಾರದು. ಆ ಗ್ರಾಮಗಳು ಬೆಳೆದದ್ದು ವಸಾಹತು ಆಡಳಿತದ ಚೌಕಟ್ಟಿನೊಳಗೆ. ಒಂದೆಡೆ ನೆಲೆಗೊಂಡ ಜನರಲ್ಲಿ ಯುರೋಪಿನಿಂದ ಬಂದ ರೋಗಗಳು ಅಪಾರ ಸಾವುಗಳನ್ನು ತಂದವು. ದಿನಚರಿಯನ್ನು ಗಂಟೆಗೆ ಕಟ್ಟಿಹಾಕಿದ ಶಿಸ್ತಿನಲ್ಲಿ ಸಂಗೀತವೂ ಒಂದು ಸಾಧನವಾಗಿತ್ತು. ಜನರ ಪೂರ್ವಿಕ ರಾಗಗಳೆಷ್ಟೋ ಹಸ್ತಪ್ರತಿಗಳೊಳಗೆ ಬರಲೇ ಇಲ್ಲ. ಪ್ರೀತಿಯಿಂದ ಕಲಿಸುವವನೂ ಅಳಿಸುವವನಾಗಬಹುದು ಎಂಬ ಎಚ್ಚರವನ್ನು ಚಿಕಿಟೋಸ್ ನಮಗೆ ಕೊಡುತ್ತದೆ.

ಮಹಾಸಭೆಯ ಮಾರ್ಗದರ್ಶನ

ಎರಡನೆಯ ವ್ಯಾಟಿಕನ್ ಮಹಾಸಭೆ ಈ ಎಚ್ಚರವನ್ನೇ ನಿಯಮವಾಗಿಸಿತು. 1963ರ ದೈವಾರಾಧನಾ ಸಂವಿಧಾನದ 119ನೆಯ ಪರಿಚ್ಛೇದದ ಆಶಯ ಹೀಗಿದೆ: ಪ್ರೇಷಿತಕಾರ್ಯದ ನಾಡುಗಳ ಜನರಿಗೆ ತಮ್ಮದೇ ಸಂಗೀತ ಪರಂಪರೆಗಳಿವೆ, ಅವುಗಳಿಗೆ ತಕ್ಕ ಗೌರವವೂ ಸ್ಥಾನವೂ ಸಲ್ಲಬೇಕು, ಪ್ರೇಷಿತರ ಸಂಗೀತ ಶಿಕ್ಷಣದಲ್ಲಿ, ಅವರು ಆ ಪರಂಪರೆಗಳನ್ನು ಬೆಳೆಸಲು ಶಕ್ತರಾಗುವಂತೆ, ಎಚ್ಚರ ವಹಿಸಬೇಕು. ಈ ಕೊನೆಯ ಮಾತು ನೇರವಾಗಿ ಗುರುಮಠಕ್ಕೆ ಸಂಬಂಧಿಸಿದ್ದು. ದೇವರ ವಾರ್ತೆ ಮಾಂಸವಾದದ್ದು ನಜರೇತಿನ ಮಾತಿನ ಧಾಟಿಯಲ್ಲಿ. ಮನುಷ್ಯಾವತಾರವನ್ನು ಸಾರುವ ಹಾಡು ನೆಲದ ಧಾಟಿಯನ್ನು ಧರಿಸದೆ ಹೋದರೆ ತಾನು ಸಾರುವುದನ್ನೇ ನಿರಾಕರಿಸುತ್ತದೆ.

ಕನ್ನಡ ನಾಡಿಗೆ ಇದು ಹೊಸ ಪಾಠವಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ನಮ್ಮ ಛಂದಸ್ಸನ್ನು ಕಲಿತು 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಪದ್ಯಕೃತಿಯಾಗಿಸಿದರು. ಹೊರಗಿನಿಂದ ಬಂದವರು ನಮ್ಮ ಲಯಕ್ಕೆ ಶಿಷ್ಯರಾದುದರ ಫಲವನ್ನು ನಾವು ಉಂಡಿದ್ದೇವೆ. ಈಗ ಹೊರಡುವ ಸರದಿ ನಮ್ಮದು.

ಹೊರಡುವವರಿಗೆ

ಹಾಗಾದರೆ ಎರಡು ವಾರಗಳ ಯಾತ್ರೆ ವ್ಯರ್ಥವೇ? ಅಲ್ಲ, ಆದರೆ ಅದರ ಸಮಯವನ್ನು ಬೇರೆ ರೀತಿಯಲ್ಲಿ ಹಂಚಬೇಕು. ಹತ್ತು ಊರುಗಳ ಬದಲು ಒಂದೇ ಊರು ಸಾಕು. ಮೊದಲ ದಿನಗಳು ಕೇಳುವುದಕ್ಕೆ ಮೀಸಲಾಗಲಿ. ಆ ಊರಿನ ಒಂದು ಹಾಡನ್ನಾದರೂ ಅಲ್ಲಿನ ಗಾನವೃಂದದಿಂದ ಕಲಿತು, ತಪ್ಪುಗಳನ್ನು ಅವರಿಂದ ತಿದ್ದಿಸಿಕೊಂಡು, ಅವರ ನಡುವೆ ನಿಂತು ಹಾಡಬೇಕು. ತಿದ್ದಿಸಿಕೊಳ್ಳುವ ಆ ಗಳಿಗೆಯಲ್ಲಿಯೇ ಸ್ನೇಹ ಮೊಳೆಯುತ್ತದೆ. ಧ್ವನಿವರ್ಧಕಗಳಿಗಾಗಿ ಮಾಡುವ ವೆಚ್ಚದಲ್ಲಿ ಸ್ವಲ್ಪವನ್ನು ಅಲ್ಲಿಯೇ ಉಳಿಯುವ ವಾದ್ಯಗಳಿಗೂ ಅವುಗಳನ್ನು ರಿಪೇರಿ ಮಾಡಲು ಕಲಿಯುವವರಿಗೂ ಎತ್ತಿಡಬಹುದು. ಮರುವರ್ಷವೂ ಅದೇ ಊರಿಗೆ ಹೋಗಬೇಕು. ಸಾಧ್ಯವಾದರೆ ಅಲ್ಲಿನವರನ್ನು ನಮ್ಮಲ್ಲಿಗೆ ಕರೆಸಿ ನಾವು ಶ್ರೋತೃಗಳಾಗಬೇಕು.

ಯಾತ್ರೆಯ ಯಶಸ್ಸನ್ನು ಅಳೆಯಲು ಚಪ್ಪಾಳೆ ಸಾಲದು. ನಾವು ಬಿಟ್ಟುಬಂದ ಊರಿನ ಮುಂದಿನ ಭಾನುವಾರವನ್ನು ನೋಡಬೇಕು. ನಾವಿಲ್ಲದ ಆ ಬಲಿಪೂಜೆಯಲ್ಲಿ ಅಲ್ಲಿನ ಜನರು ಮೊದಲಿಗಿಂತ ಧೈರ್ಯವಾಗಿ ತಮ್ಮ ದನಿಯಲ್ಲಿ ಹಾಡಿದರೆ, ನಮ್ಮನ್ನು ಕಳುಹಿಸಿದಾತನ ಕೆಲಸ ಅಲ್ಲಿ ನಡೆದಿದೆ ಎಂದು ತಿಳಿಯಬಹುದು.