ಮುಂಗಡ ಯಾರ ಕೈಯಿಂದ?

ಕೈಹೊಲಿಗೆಯ ಫುಟ್‌ಬಾಲಿನಲ್ಲಿ 32 ತುಂಡುಗಳಿರುತ್ತವೆ. ಆರು ಮೂಲೆಯವು 20, ಐದು ಮೂಲೆಯವು 12. ಅಂಚಿಗೆ ಮೊದಲೇ ತೂತು ಹೊಡೆದ ತುಂಡುಗಳನ್ನು ಎರಡೆರಡಾಗಿ ಜೋಡಿಸಿ, ಮೊಣಕಾಲುಗಳ ನಡುವೆ ಅದುಮಿ ಹಿಡಿದ ಮರದ ಇಕ್ಕಳಕ್ಕೆ ಸಿಕ್ಕಿಸುತ್ತಾರೆ. ಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ. ಒಂದೇ ತೂತಿನೊಳಗೆ ಎರಡೂ ಕಡೆಯಿಂದ ಸೂಜಿ ತೂರಿಸಿ, ಎರಡೂ ಕೈ ಅಗಲಿಸಿ ದಾರ ಜಗ್ಗಿ ಬಿಗಿಯಬೇಕು. ಹೊಲಿಗೆ ನಡೆಯುವುದು ಒಳಮೈ ಹೊರಗಾಗಿ. ಮುಗಿಯುತ್ತ ಬಂದಾಗ ಚೆಂಡನ್ನು ಮಗುಚಿ, ಬ್ಲ್ಯಾಡರ್ ಒಳಗೆ ಕೂರಿಸಿ, ಉಳಿದ ಬಾಯನ್ನು ಹೊರಗಿನಿಂದಲೇ, ಗಂಟು ಎಲ್ಲೂ ಕಾಣದ ಹಾಗೆ ಹೊಲಿದು ಮುಚ್ಚಬೇಕು. ಈ ಕೊನೆಯ ಹೊಲಿಗೆಯೇ ಎಲ್ಲಕ್ಕಿಂತ ಕಷ್ಟ. ಒಂದು ಚೆಂಡಿಗೆ ಸುಮಾರು 650 ಹೊಲಿಗೆ ಬೀಳುತ್ತವೆ, ನುರಿತ ಕೈಗೂ ಮೂರು ಗಂಟೆಯಷ್ಟು ಹಿಡಿಯುತ್ತದೆ. ಕೂಲಿ ಮಾತ್ರ ಗಂಟೆಯ ಲೆಕ್ಕದಲ್ಲಿ ಸಿಗುವುದಿಲ್ಲ, ಚೆಂಡಿನ ಲೆಕ್ಕದಲ್ಲಿ ಸಿಗುತ್ತದೆ.

ಇಂಥ ಚೆಂಡುಗಳ ಊರು ಪಾಕಿಸ್ತಾನದ ಪಂಜಾಬಿನಲ್ಲಿರುವ ಸಿಯಾಲ್‌ಕೋಟ್. 1990ರ ದಶಕದಲ್ಲಿ ಜಗತ್ತಿನ ಕೈಹೊಲಿಗೆಯ ಫುಟ್‌ಬಾಲುಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅಲ್ಲಿಂದಲೇ ಹೋಗುತ್ತಿದ್ದವು. ದೇಶ ವಿಭಜನೆಯಾದಾಗ ಅಲ್ಲಿನ ಕ್ರೀಡಾ ಸಾಮಗ್ರಿಯ ಕಸುಬುದಾರರಲ್ಲಿ ಹಲವರು ಈಚೆಗೆ ಬಂದು ಜಲಂಧರ್ ಮತ್ತು ಮೀರತ್‌ನಲ್ಲಿ ನೆಲೆಸಿದ್ದರಿಂದ, ನಮ್ಮ ಮೈದಾನಗಳ ಚೆಂಡು ಬ್ಯಾಟುಗಳಿಗೂ ಆ ಊರಿನ ನಂಟಿದೆ. ಹೊರದೇಶದ ಕಂಪನಿಗಳು ದೂರದ ಕುಶಲಕರ್ಮಿಗಳಿಂದ, ಸಣ್ಣ ಕಾರ್ಖಾನೆಗಳಿಂದ ಸರಕು ಮಾಡಿಸುವ ವ್ಯವಹಾರದ ಒಳಿತು ಕೆಡುಕು ಎರಡೂ ಸಿಯಾಲ್‌ಕೋಟ್‌ನ ಕಥೆಯಲ್ಲಿ ನಿಚ್ಚಳವಾಗಿ ಕಾಣುತ್ತವೆ. ಆಗ ಅಮೆರಿಕ ಅಥವಾ ಯುರೋಪಿನ ಕಂಪನಿ ಸಿಯಾಲ್‌ಕೋಟ್‌ನ ರಫ್ತುದಾರನಿಗೆ ಆರ್ಡರ್ ಕೊಡುತ್ತಿತ್ತು. ಅವನ ಕಾರ್ಖಾನೆಯಲ್ಲಿ ತುಂಡುಗಳನ್ನು ಕತ್ತರಿಸಿ, ಬಣ್ಣದ ಅಚ್ಚು ಹಾಕಿ, ಕಟ್ಟು ಕಟ್ಟುತ್ತಿದ್ದರು. ಗುತ್ತಿಗೆದಾರ ಆ ಕಟ್ಟುಗಳನ್ನು ಸುತ್ತಲಿನ ಹಳ್ಳಿಗಳಿಗೆ ಒಯ್ದು ಮನೆಮನೆಗೆ ಹಂಚುತ್ತಿದ್ದ, ಹೊಲಿದ ಚೆಂಡುಗಳನ್ನು ಲೆಕ್ಕ ಮಾಡಿ ವಾಪಸ್ ತರುತ್ತಿದ್ದ. ಚೆಂಡಿನ ಮೇಲೆ ಹೆಸರಿರುವ ಕಂಪನಿಗೂ ಅದನ್ನು ಹೊಲಿದವಳಿಗೂ ನಡುವೆ ಕನಿಷ್ಠ ಇಬ್ಬರು ನಿಂತಿರುತ್ತಿದ್ದರು.

1996ರಲ್ಲಿ ಅಮೆರಿಕದ ಲೈಫ್ ಪತ್ರಿಕೆ ಫುಟ್‌ಬಾಲ್ ಹೊಲಿಯುತ್ತಿದ್ದ ಪಾಕಿಸ್ತಾನದ ಹುಡುಗನೊಬ್ಬನ ಚಿತ್ರ ಪ್ರಕಟಿಸಿತು. ದೊಡ್ಡ ಗದ್ದಲವಾಯಿತು. ಸಿಯಾಲ್‌ಕೋಟ್ ಸುತ್ತಮುತ್ತ 5ರಿಂದ 14 ವರ್ಷದೊಳಗಿನ ಏಳು ಸಾವಿರಕ್ಕೂ ಹೆಚ್ಚು ಮಕ್ಕಳು ಹೊಲಿಗೆಯಲ್ಲಿ ತೊಡಗಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿತು. 1997ರ ಫೆಬ್ರುವರಿಯಲ್ಲಿ ಆ ಸಂಘಟನೆ, ಯುನಿಸೆಫ್ ಮತ್ತು ಸಿಯಾಲ್‌ಕೋಟ್ ವಾಣಿಜ್ಯ ಮಂಡಳಿ ಸೇರಿ ಅಟ್ಲಾಂಟಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಮನೆಗಳಲ್ಲಿ ನಡೆಯುತ್ತಿದ್ದ ಹೊಲಿಗೆ ನೋಂದಾಯಿತ ಕೇಂದ್ರಗಳಿಗೆ ಬರಬೇಕು, ತಪಾಸಣೆಗಾರರು ಮುನ್ಸೂಚನೆಯಿಲ್ಲದೆ ಬಂದು ನೋಡಬಹುದು ಎಂಬುದು ಅದರ ತಿರುಳು. ಸೂಜಿ ಹಿಡಿದಿದ್ದ ಸಾವಿರಾರು ಎಳೆಯ ಕೈಗಳನ್ನು ಈ ಒಪ್ಪಂದ ಬಿಡಿಸಿತು. ಅದನ್ನು ಲಘುವಾಗಿ ಕಾಣುವವರ ಜೊತೆ ನಾನಿಲ್ಲ.

ಆದರೆ ಅದರ ಬೆಲೆ ತೆತ್ತವರು ಯಾರೆಂದು ನೋಡಬೇಕು. ಮನೆಯಲ್ಲಿ ಅಡುಗೆ, ಮಕ್ಕಳು, ಎಮ್ಮೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹೊಲಿಯುತ್ತಿದ್ದ ಹೆಂಗಸರಿಗೆ ದೂರದ ಕೇಂದ್ರಕ್ಕೆ ಹೋಗುವುದು ಕಷ್ಟವಾಯಿತು. ಅನೇಕ ಮನೆಗಳಲ್ಲಿ ಗಂಡಸರು ಒಪ್ಪಲಿಲ್ಲ. ಹೆಂಗಸರಿಗೇ ಪ್ರತ್ಯೇಕವಾದ ಸಣ್ಣ ಕೇಂದ್ರಗಳು ಬಂದದ್ದು ಆಮೇಲೆ, ಅವು ಎಲ್ಲರನ್ನೂ ಮುಟ್ಟಲಿಲ್ಲ. ಸೇವ್ ದಿ ಚಿಲ್ಡ್ರನ್ ಸಂಸ್ಥೆ ಆ ಹೊತ್ತಿನಲ್ಲೇ ಮನೆಗಳಿಗೆ ಹೋಗಿ ವಿಚಾರಿಸಿದಾಗ, ಮಕ್ಕಳು ಹೊಲಿಯುವುದಕ್ಕೆ ಮುಖ್ಯ ಕಾರಣ ದೊಡ್ಡವರ ಸಂಪಾದನೆ ಸಾಲದಿರುವುದು ಎಂದು ತಿಳಿದುಬಂತು. ಹಾಗಿದ್ದರೆ ಕೊಳ್ಳುವ ಕಂಪನಿಗಳು ಮೊದಲು ತಿದ್ದಬೇಕಾಗಿದ್ದುದು ತಮ್ಮ ಕೊಳ್ಳುವ ರೀತಿಯನ್ನೇ ಅಲ್ಲವೆ? ಬೆಲೆ, ಗಡುವು, ಹಣ ಕೈಸೇರುವ ದಿನ, ವಿಶ್ವಕಪ್ ವರ್ಷದಲ್ಲಿ ಏರಿ ಮರುವರ್ಷ ಇಳಿಯುವ ಆರ್ಡರ್, ಇವುಗಳ ಬಗ್ಗೆ ಒಪ್ಪಂದ ಕೊಳ್ಳುವವರಿಗೆ ಏನನ್ನೂ ಕಡ್ಡಾಯ ಮಾಡಲಿಲ್ಲ. ಷರತ್ತುಗಳೆಲ್ಲ ಮಾಡುವವರ ಪಾಲಿಗೆ ಬಂದವು.

ಹೊರದೇಶದ ಆರ್ಡರಿನಿಂದ ಕುಶಲಕರ್ಮಿಗೆ ಒಳ್ಳೆಯದಾಗುತ್ತದೋ ಇಲ್ಲವೋ ಎಂಬುದನ್ನು ಕೊಳ್ಳುವವನ ಒಳ್ಳೆಯ ಮನಸ್ಸು ನಿರ್ಧರಿಸುವುದಿಲ್ಲ, ಪೊಟ್ಟಣದ ಮೇಲಿನ ಮುದ್ರೆಯೂ ನಿರ್ಧರಿಸುವುದಿಲ್ಲ. ಕಚ್ಚಾ ಸಾಮಗ್ರಿ ಕೊಂಡ ದಿನದಿಂದ ಸರಕಿನ ಹಣ ಕೈಗೆ ಬರುವ ದಿನದವರೆಗಿನ ಕಾಯುವಿಕೆಯ ಭಾರ ಯಾರ ತಲೆಯ ಮೇಲಿದೆ ಎಂಬುದೇ ನಿರ್ಧರಿಸುತ್ತದೆ. ಬೆಲೆಯ ಚೌಕಾಸಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಈ ಕಾಯುವಿಕೆ ಬೀಳುವುದಿಲ್ಲ. ಸರಕು ಹಡಗು ಹತ್ತಿದ ಮೇಲೆ 60 ದಿನಕ್ಕೋ 90 ದಿನಕ್ಕೋ ಹಣ ಎಂದು ವಿದೇಶದ ಕಂಪನಿ ಹೇಳಿದರೆ ರಫ್ತುದಾರ ಬ್ಯಾಂಕಿನಿಂದ ಸಾಲ ತಂದು ತಡೆದುಕೊಳ್ಳಬಲ್ಲ. ಅವನು ಗುತ್ತಿಗೆದಾರನನ್ನು ಕಾಯಿಸುತ್ತಾನೆ, ಗುತ್ತಿಗೆದಾರ ಹೊಲಿಯುವವರನ್ನು ಕಾಯಿಸುತ್ತಾನೆ. ಹೊಲಿಯುವವಳಿಗೆ ಕಾಯಿಸಲು ಇನ್ನು ಯಾರೂ ಇಲ್ಲ. ದಿನಸಿ ಅಂಗಡಿಯವನು ಎಷ್ಟು ದಿನ ಉದ್ರಿ ಕೊಟ್ಟಾನು?

ಆಗ ಮುಂಗಡ ಬೇಕೇ ಬೇಕಾಗುತ್ತದೆ, ಅದು ಬಂದೇ ಬರುತ್ತದೆ. ಪ್ರಶ್ನೆಯಿರುವುದು ಯಾರ ಕೈಯಿಂದ ಎಂಬುದರಲ್ಲಿ. ಕೊಳ್ಳುವ ಕಂಪನಿ ಕೊಡದಿದ್ದರೆ ಮೇಸ್ತ್ರಿ ಕೊಡುತ್ತಾನೆ, ಯಜಮಾನ ಕೊಡುತ್ತಾನೆ. ಪಾಕಿಸ್ತಾನದ ಇಟ್ಟಿಗೆ ಗೂಡುಗಳಲ್ಲಿ, ರತ್ನಗಂಬಳಿಯ ಮಗ್ಗಗಳಲ್ಲಿ ಪೇಶ್ಗಿ ಎಂಬ ಹೆಸರಿನಲ್ಲಿ ಕೊಟ್ಟ ಇಂಥ ಹಣವೇ ಇಡೀ ಕುಟುಂಬಗಳನ್ನು ವರ್ಷಗಟ್ಟಲೆ ಕಟ್ಟಿಹಾಕಿತು. ನಮ್ಮ ಮಾಗಡಿ, ರಾಮನಗರದ ರೇಷ್ಮೆ ಘಟಕಗಳಲ್ಲಿ ಮುಂಗಡದ ಸಾಲಕ್ಕೆ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ದಾಖಲಿಸಿದೆ. ಜೀತವನ್ನು ನಿಷೇಧಿಸಿದ ಕಾನೂನು ಭಾರತದಲ್ಲಿ 1976ರಲ್ಲಿ, ಪಾಕಿಸ್ತಾನದಲ್ಲಿ 1992ರಲ್ಲಿ ಬಂತು. ಮೇಸ್ತ್ರಿ ಕೊಟ್ಟ ಮುಂಗಡ ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ಕೆಲಸ ಮುಗಿದರೂ ಅದು ತೀರುವುದಿಲ್ಲ, ಕಾಯಿಲೆಗೆ, ಮದುವೆಗೆ ಎಂದು ಬೆಳೆಯುತ್ತ ಹೋಗುತ್ತದೆ. ಕೊಳ್ಳುವ ಕಂಪನಿ ಕೊಟ್ಟ ಮುಂಗಡ ಅಂಟಿಕೊಳ್ಳುವುದು ಆರ್ಡರಿಗೆ. ಸರಕು ಒಪ್ಪಿಸಿದರೆ ಲೆಕ್ಕ ಚುಕ್ತಾ.

ಇದು ಹೊಸ ಚಿಂತನೆಯೇನಲ್ಲ. ಅಮೆರಿಕದ ಮೆನೊನೈಟ್ ಪಂಥದ ಎಡ್ನಾ ರೂತ್ ಬೈಲರ್ ಎಂಬಾಕೆ 1946ರಲ್ಲಿ ಪೋರ್ಟೊ ರಿಕೊ ದ್ವೀಪದ ಹೆಂಗಸರ ಕಸೂತಿ ಬಟ್ಟೆಗಳನ್ನು ಕೊಂಡು, ಕಾರಿನಲ್ಲಿಟ್ಟುಕೊಂಡು ತಮ್ಮ ಊರಕಡೆ ಮಾರಲು ತೊಡಗಿದರು. ಆ ಪ್ರಯತ್ನವೇ ಬೆಳೆದು ಟೆನ್ ಥೌಸಂಡ್ ವಿಲೇಜಸ್ ಎಂಬ ಸಂಸ್ಥೆಯಾಯಿತು. ಇಂಥ ಸಂಸ್ಥೆಗಳು ಸೇರಿ ಕಟ್ಟಿಕೊಂಡ ನ್ಯಾಯಯುತ ವ್ಯಾಪಾರದ ನಿಯಮಗಳಲ್ಲಿ, ಕರಕುಶಲ ವಸ್ತುಗಳಿಗೆ ಮಾಡುವವರು ಕೇಳಿದರೆ ಬೆಲೆಯ ಕನಿಷ್ಠ ಅರ್ಧವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕೆಂಬುದೂ ಒಂದು. ನನ್ನ ದೃಷ್ಟಿಯಲ್ಲಿ ಅವರ ನಿಯಮಗಳಲ್ಲೆಲ್ಲ ಹೆಚ್ಚು ತೂಕದ್ದು ಇದೇ.

ಇದು ದಾನಧರ್ಮವಾಯಿತು, ವ್ಯಾಪಾರವಲ್ಲ ಎಂಬ ಆಕ್ಷೇಪವಿದೆ. ಲೆಕ್ಕ ಹಾಕಿ ನೋಡೋಣ. ಒಂದು ಸಣ್ಣ ಕಾರ್ಖಾನೆ ಆರ್ಡರೊಂದಕ್ಕೆ ಒಂದು ಲಕ್ಷ ರೂಪಾಯಿಯ ಸಾಮಗ್ರಿ ಕೊಂಡು, ಹಣಕ್ಕಾಗಿ ನಾಲ್ಕು ತಿಂಗಳು ಕಾಯಬೇಕು ಎಂದಿಟ್ಟುಕೊಳ್ಳಿ. ಕೈಸಾಲ ತಂದರೆ ತಿಂಗಳಿಗೆ ಶೇ 3ರಂತೆ 12,000 ರೂಪಾಯಿ ಬಡ್ಡಿಯಾಗುತ್ತದೆ. ಅಷ್ಟೇ ಹಣವನ್ನು ಅಷ್ಟೇ ಕಾಲಕ್ಕೆ ದೊಡ್ಡ ಕಂಪನಿ ವರ್ಷಕ್ಕೆ ಶೇ 8ರ ದರದಲ್ಲಿ ಬ್ಯಾಂಕಿನಿಂದ ತಂದರೆ ತಗಲುವುದು 2,700 ರೂಪಾಯಿಗೂ ಕಡಿಮೆ. ಸರಕಿನ ಮೇಲೆ ಬೀಳುವ ಖರ್ಚನ್ನೇ ನೋಡಿದರೂ, ಅಗ್ಗದ ಸಾಲ ಸಿಗುವವರು ಹಣ ಹೂಡುವುದು ಜಾಣತನ. ತುಟ್ಟಿ ಸಾಲದವರ ಮೇಲೆ ಆ ಹೊರೆ ಹೇರಿದರೆ ಒಂಬತ್ತು ಸಾವಿರಕ್ಕೂ ಹೆಚ್ಚು ರೂಪಾಯಿ ವಸ್ತುವಿನ ಗುಣಕ್ಕೂ ಸೇರದೆ, ಮಾಡುವವರ ಊಟಕ್ಕೂ ಸೇರದೆ ಲೇವಾದೇವಿಯವನ ಪೆಟ್ಟಿಗೆ ಸೇರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸಾವಿರಾರು ಮೈಲಿ ದೂರದ, ಮುಖ ನೋಡದ ಕಾರ್ಖಾನೆಗೆ ಅರ್ಧ ಹಣ ಮೊದಲೇ ಕೊಟ್ಟು, ಸರಕು ತಡವಾಗಿ ಬಂದರೆ ಅಥವಾ ಕೆಟ್ಟು ಬಂದರೆ ಏನು ಗತಿ? ಈ ಭಯ ನಿಜವಾದದ್ದೇ. ಆದರೆ ಕೈಕೆಲಸದ ಸ್ವಭಾವ ತಿಳಿಯದೆ ಕೊಟ್ಟ ಆರ್ಡರಿನಲ್ಲಿಯೇ ಮುಕ್ಕಾಲು ತೊಂದರೆಯ ಬೀಜವಿರುತ್ತದೆ. ಚನ್ನಪಟ್ಟಣದ ಗೊಂಬೆಯನ್ನೇ ನೋಡಿ. ಆಲೆಮರವನ್ನು ತಿಂಗಳುಗಟ್ಟಲೆ ಒಣಗಿಸದೆ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ. ಗಿರಗಿರನೆ ತಿರುಗುವ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಹಿಡಿದು ತಿಕ್ಕಿದರೆ ಹೊಳಪು ಬರುತ್ತದೆ. ಮೂರು ವಾರದಲ್ಲಿ ಇಷ್ಟು ಸಾವಿರ ಬೇಕು ಎಂದು ಆರ್ಡರ್ ಕೊಟ್ಟವನು ಹಸಿಮರದ ಗೊಂಬೆಯನ್ನೇ ಕೇಳಿದಂತಾಯಿತು, ಬಿರುಕಿನ ದೂರು ಮಾತ್ರ ಕಡೆದವನ ಮೇಲೆ. ಮರ ಕೊಳ್ಳುವಾಗ ಒಂದು ಕಂತು, ಮಾದರಿ ಒಪ್ಪಿಗೆಯಾದಾಗ ಒಂದು, ಅರ್ಧ ಸರಕು ಕಣ್ಣಿಗೆ ಕಂಡಾಗ ಇನ್ನೊಂದು ಎಂದು ಮುಂಗಡವನ್ನು ಹಂತಕ್ಕೆ ಕಟ್ಟಿದರೆ ಕೊಳ್ಳುವವನ ಭಯವೂ ಬಹಳಷ್ಟು ಇಳಿಯುತ್ತದೆ.

ಪರೀಕ್ಷೆಯ ಖರ್ಚಿನ ವಿಷಯವೂ ಇದೇ ಜಾಡಿನದು. ಚೀನಾದಲ್ಲಿ ತಯಾರಾದ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ 2007ರಲ್ಲಿ ಲಕ್ಷಗಟ್ಟಲೆ ಆಟಿಕೆಗಳನ್ನು ವಾಪಸ್ ಪಡೆಯಬೇಕಾಯಿತು. ಮರುವರ್ಷ ಅಮೆರಿಕ ಕಠಿಣ ಕಾನೂನು ಮಾಡಿತು. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಪರೀಕ್ಷೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಲಕ್ಷ ಗೊಂಬೆ ಮಾಡುವ ಕಾರ್ಖಾನೆಗೂ ಇನ್ನೂರು ಮಾಡುವ ಮನೆಗೂ ಪ್ರಯೋಗಾಲಯದ ಶುಲ್ಕ ಒಂದೇ ಆದರೆ ಸಣ್ಣವರು ಅಲ್ಲಿಗೇ ಬಾಗಿಲು ಹಾಕಬೇಕಾಗುತ್ತದೆ. ಸಣ್ಣ ತಯಾರಕರು ಕೂಗೆಬ್ಬಿಸಿದ ಮೇಲೆ 2011ರಲ್ಲಿ ಅಮೆರಿಕ ಅವರಿಗೆ ಸ್ವಲ್ಪ ರಿಯಾಯಿತಿ ಕೊಟ್ಟಿತು. ಭಾರತದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳನ್ನೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳನ್ನೂ ಹೊರಗಿಟ್ಟರು. ವಿನಾಯಿತಿಗಿಂತ ಒಳ್ಳೆಯ ದಾರಿ, ನಿಯಮ ಒಡ್ಡುವ ಕೊಳ್ಳುಗರೇ ಬಣ್ಣದ ಪರೀಕ್ಷೆಯ ಖರ್ಚು ಹೊರುವುದು. ಮಗುವೂ ಸುರಕ್ಷಿತ, ಕಡೆಯುವವನ ಕೆಲಸವೂ ಉಳಿಯುತ್ತದೆ.

ಇಷ್ಟೆಲ್ಲ ಹೊರೆ ಹೊರಿಸಿದರೆ ಕಂಪನಿಗಳು ಯಂತ್ರಗಳಿರುವ ದೇಶಕ್ಕೆ ಹೊರಟುಹೋಗುತ್ತವೆ, ಇರುವ ಕೂಲಿಯೂ ತಪ್ಪುತ್ತದೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಹೊರೆಯೇನೂ ಹೊರಿಸದಿದ್ದಾಗಲೂ ಅವು ಹೋಗಿವೆ ಎಂಬುದಕ್ಕೆ ಸಿಯಾಲ್‌ಕೋಟ್ ಸಾಕ್ಷಿ. 2006ರ ವಿಶ್ವಕಪ್ಪಿಗೆ ಹೊಲಿಗೆಯೇ ಇಲ್ಲದ, ಶಾಖದಿಂದ ಅಂಟಿಸಿದ ಚೆಂಡು ಬಂತು. ಅದೇ ವರ್ಷದ ನವೆಂಬರಿನಲ್ಲಿ ನೈಕಿ ಕಂಪನಿ ಸಾಗಾ ಸ್ಪೋರ್ಟ್ಸ್ ಎಂಬ ಅಲ್ಲಿನ ದೊಡ್ಡ ಕಾರ್ಖಾನೆಯೊಂದಿಗಿನ ಸಂಬಂಧ ಕಡಿದುಕೊಂಡಿತು. ಹೊಲಿಗೆಯನ್ನು ಮತ್ತೆ ಮನೆಗಳಿಗೆ ಕೊಡುತ್ತಿದ್ದಾರೆ ಎಂಬುದು ಕಾರಣ. ನಿಯಮ ಮುರಿದದ್ದು ಕಾರ್ಖಾನೆ, ಕೆಲಸ ಕಳೆದುಕೊಂಡದ್ದು ಸಾವಿರಾರು ಜನ. ಇದರ ಪಕ್ಕದಲ್ಲಿ ಫಾರ್ವರ್ಡ್ ಸ್ಪೋರ್ಟ್ಸ್ ಎಂಬ ಇನ್ನೊಂದು ಕಾರ್ಖಾನೆಯ ಕಥೆಯನ್ನಿಟ್ಟು ನೋಡಬೇಕು. ಅದು 1990ರ ದಶಕದಿಂದಲೂ ಅಡಿಡಾಸ್ ಕಂಪನಿಗೆ ಬಿಡುವಿಲ್ಲದೆ ಚೆಂಡು ಮಾಡಿಕೊಡುತ್ತಿತ್ತು. ನಾಳೆಯೂ ಆರ್ಡರ್ ಬರುತ್ತದೆಂಬ ಧೈರ್ಯವಿದ್ದುದರಿಂದ ಕೈಹೊಲಿಗೆಯಿಂದ ಶಾಖದ ಜೋಡಣೆಗೂ ಕೈಯಿಟ್ಟಿತು. 2014ರ ವಿಶ್ವಕಪ್ಪಿನ ಬ್ರಜೂಕಾ ಚೆಂಡಿನ ಬೇಡಿಕೆಯನ್ನು ಚೀನಾದ ಕಾರ್ಖಾನೆ ಒಂದೇ ಪೂರೈಸಲಾಗದೆ ಹೋದಾಗ, ಸುಮಾರು ಒಂದು ತಿಂಗಳಲ್ಲಿ ಹೊಸ ಉತ್ಪಾದನಾ ಸಾಲನ್ನು ಸಜ್ಜು ಮಾಡಿ ಕೆಲಸ ಪಡೆದುಕೊಂಡಿತು. ಆ ಸಾಲಿನಲ್ಲಿ ದುಡಿದವರಲ್ಲಿ ಬಹುಪಾಲು ಹೆಂಗಸರು. ಅಡಿಡಾಸ್ ಧರ್ಮಸಂಸ್ಥೆಯಲ್ಲ. ಆದರೆ ವರ್ಷಗಟ್ಟಲೆ ಒಂದೇ ಕಡೆ ಕೊಂಡದ್ದರಿಂದ ಬೆಳೆದ ಕೌಶಲ ಇಕ್ಕಟ್ಟಿನ ಹೊತ್ತಿನಲ್ಲಿ ಆ ಕಂಪನಿಗೇ ನೆರವಾಯಿತು.

ಕಾಯುವಿಕೆಯ ಭಾರ ಪೂರ್ತಿಯಾಗಿ ಕೆಳಗಿನವರ ಮೇಲಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಮಾರ್ಚ್ ತೋರಿಸಿತು. ಕೋವಿಡ್ ಬಂದಾಗ ಪಾಶ್ಚಾತ್ಯ ಬ್ರ್ಯಾಂಡ್‌ಗಳು ಬಾಂಗ್ಲಾದೇಶದ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಕೊಟ್ಟಿದ್ದ ಸುಮಾರು 300 ಕೋಟಿ ಡಾಲರ್ ಮೊತ್ತದ ಆರ್ಡರುಗಳನ್ನು ರದ್ದು ಮಾಡಿದವು ಅಥವಾ ತಡೆಹಿಡಿದವು. ಬಟ್ಟೆಯನ್ನು ಕಾರ್ಖಾನೆಗಳು ತಮ್ಮ ಹಣದಲ್ಲಿ ಆಗಲೇ ಕೊಂಡಿದ್ದವು, ಎಷ್ಟೋ ಉಡುಪುಗಳ ಹೊಲಿಗೆಯೂ ಮುಗಿದಿತ್ತು. ಅರ್ಧ ಹಣ ಮೊದಲೇ ಕೊಟ್ಟಿದ್ದ ಕಂಪನಿ ಅಷ್ಟು ಸಲೀಸಾಗಿ ಆರ್ಡರ್ ಬಿಟ್ಟುಹೋಗಲಾರದು. ಮುಂಗಡದಿಂದ ಹೊಟ್ಟೆಪಾಡು ನಡೆಯುತ್ತದೆ, ಕೊಳ್ಳುವವನೂ ತನ್ನ ಮಾತಿಗೆ ಕಟ್ಟುಬೀಳುತ್ತಾನೆ.

ದೇಶದೊಳಗೆ ನಾವೇ ಕೊಳ್ಳುವವರಾದಾಗಲೂ ಇದೇ ಲೆಕ್ಕ. 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. 2024ರ ಏಪ್ರಿಲ್‌ನಲ್ಲಿ ಜಾರಿಯಾದ ನಿಯಮದಂತೆ, ಈ ಅವಧಿಯೊಳಗೆ ಕೊಡದ ಹಣವನ್ನು ಕೊಟ್ಟು ತೀರಿಸುವವರೆಗೆ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತೆಯೂ ಇಲ್ಲ. ವಿದೇಶದ ಕೊಳ್ಳುಗನಿಗೆ ಈ ಕಾಯ್ದೆ ಮುಟ್ಟದು, ಹೀಗಾಗಿ ಅವನ 90 ದಿನಕ್ಕೂ ಇಲ್ಲಿನ 45 ದಿನಕ್ಕೂ ನಡುವಿನ ಅಂತರವನ್ನು ರಫ್ತುದಾರ ತುಂಬಬೇಕು. ಅಷ್ಟಾದರೂ ಕಾಯ್ದೆಯ ರಕ್ಷೆಯಿರುವುದು ನೋಂದಾಯಿಸಿಕೊಂಡ ಉದ್ದಿಮೆಗೆ ಮಾತ್ರ. ಇನ್ನೊಬ್ಬರ ಕಾರ್ಖಾನೆಯಲ್ಲಿ ಚಕ್ರದ ಮುಂದೆ ಕೂತು ಗೊಂಬೆಗಿಷ್ಟು ಎಂದು ಕೂಲಿ ಪಡೆಯುವವನು, ಮನೆಯಲ್ಲಿ ಕಸೂತಿ ಹಾಕಿ ದಲ್ಲಾಳಿಗೆ ಕೊಡುವವಳು ಅದರ ಲೆಕ್ಕಕ್ಕೇ ಬರುವುದಿಲ್ಲ. ಅವರ ಹೆಸರು, ಅವರು ಮಾಡಿದ ವಸ್ತುಗಳ ಸಂಖ್ಯೆ, ಅವರಿಗೆ ಹಣ ಸಂದಾಯವಾದ ದಿನಾಂಕ, ಈ ಮೂರನ್ನು ಆರ್ಡರಿನ ಕಾಗದದಲ್ಲೇ ಬರೆಯಬೇಕೆಂದು ಕೊಳ್ಳುವವರು ಪಟ್ಟು ಹಿಡಿದರೆ ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.